ನೀರೊಳಗೂ ಜೋಡೆತ್ತೇ ಬೇಕು

"ಕಾರ್ ಐತೆಲ್ಲೋ ತಮ್ಮಾ, ಮತ್ತ ಸ್ಕೂಟರ್ ಯಾಕ?"

ಅವ್ವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಭಾನುವಾರದ ವಿಡಿಯೊ ಕಾಲ್. ಇಂಡಿಯ ಮನೆ ಪಡಸಾಲೆಯಲ್ಲಿ ಅವ್ವ ಮುಂದೆ ಲಿಂಬೆಹಣ್ಣಿನ ರಾಶಿ ಹಾಕಿಕೊಂಡು ಆರಿಸುತ್ತಾ ಕೂತಿದ್ದಳು. ನಾನು ಅಟ್ಲಾಂಟಾದಲ್ಲಿ ಬೆಳಗಿನ ಚಹಾ ಹಿಡಿದುಕೊಂಡು ಕೂತಿದ್ದೆ.

"ರಸ್ತೆ ಮ್ಯಾಲಿಂದಲ್ಲವ್ವ, ನೀರಾಗ ಓಡ್ಸೂದು."

ಅವ್ವನ ಕೈ ನಿಂತಿತು. "ನೀರಾಗ?"

"ಹೂಂ. ನೀರಾಗ. ಗುಹೆ ಒಳಗ."

ಅವ್ವ ಫೋನನ್ನು ಅಪ್ಪನ ಕೈಗೆ ಕೊಟ್ಟು ಎದ್ದು ಹೋದಳು. ನಮ್ಮ ಮನೆಯಲ್ಲಿ ಇದರ ಅರ್ಥ, ಕೇಸು ಹೈಕೋರ್ಟಿಗೆ ಹೋಯಿತು ಅಂತ. ಅಪ್ಪ ಲೆಕ್ಕದ ಮನುಷ್ಯ. ಬೇರೇನೂ ಕೇಳದೆ, "ಎಷ್ಟು ಅದಕ?" ಅಂದರು. ನಾನು ಇದ್ದ ಬೆಲೆಯ ಅರ್ಧ ಹೇಳಿದೆ. ಆ ಅರ್ಧಕ್ಕೇ ಅವರು, "ಅಷ್ಟ್ರಾಗ ಒಂದು ಜೋಡೆತ್ತು ಬರ್ತಾವಲ್ಲೋ" ಅಂದರು.

ಆ ಮಾತಿಗೆ ಆವತ್ತು ನಕ್ಕಿದ್ದೆ. ಮುಂದೆ ಇದೇ ಜೋಡೆತ್ತಿನ ಮಾತು ನನ್ನ ಬುದ್ಧಿ ತಿದ್ದುತ್ತದೆ ಅಂತ ಗೊತ್ತಿರಲಿಲ್ಲ.

ನೀರೊಳಗಿನ ಸ್ಕೂಟರಿಗೆ ಗಾಲಿ ಇರುವುದಿಲ್ಲ. ಅದು ಒಂದು ದಪ್ಪನೆ ಕೊಳವೆ. ಒಳಗೆ ಬ್ಯಾಟರಿ, ಅದರ ಹಿಂದೆ ಮೋಟಾರು, ತುದಿಯಲ್ಲಿ ಫ್ಯಾನು. ಹಿಡಿಕೆ ಹಿಡಿದು ಟ್ರಿಗರ್ ಒತ್ತಿದರೆ ಫ್ಯಾನು ತಿರುಗುತ್ತದೆ. ನಮ್ಮ ಮೈಮೇಲಿನ ಪಟ್ಟಿಗೆ ಸಿಕ್ಕಿಸಿದ ಒಂದು ಹಗ್ಗ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಡೈವಿಂಗ್ ಮಾಡುವವರು ಇದನ್ನು ಡಿಪಿವಿ ಅಂತಾರೆ. ನಿಮಿಷಕ್ಕೆ ಹದಿನೈದು ಮೀಟರ್ ಈಸುವ ಮನುಷ್ಯನನ್ನು ಇದು ಅದರ ಮೂರು ಪಟ್ಟು ವೇಗದಲ್ಲಿ ಒಯ್ಯುತ್ತದೆ.

ಇಂಡಿಯ ಹುಡುಗನಿಗೆ ಇದೆಲ್ಲ ಎಲ್ಲಿಂದ ಅಂಟಿತು ಅಂತ ನೀವು ಕೇಳಬಹುದು. ನಾನು ಈಸು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ. ಸೊಂಟಕ್ಕೆ ಬೆಂಡು ಕಟ್ಟಿ ಕಾಕಾ ಮೇಲಿನಿಂದ ದೂಡಿದ್ದರು. ಬಾವಿಗೆ ಕಾಕಾನ ಒಂದೇ ಕಾನೂನು ಇತ್ತು: ಒಬ್ಬನೇ ಇಳಿಯಬಾರದು. ನಾವು ಹುಡುಗರು ಇಳಿದ ಮೇಲೆ ಅವರು ದಂಡೆಯ ಮೇಲೆ ಕೂತು ಚಪ್ಪಲಿ ಎಣಿಸುತ್ತಿದ್ದರು. ಆರು ಜೋಡಿ ಚಪ್ಪಲಿ ಇದ್ದರೆ ನೀರಿನಲ್ಲಿ ಆರು ತಲೆ ಕಾಣಬೇಕು. ಐದು ಕಂಡರೆ ಕಾಕಾ ಅಂಗಿ ಕಳೆಯುತ್ತಿದ್ದರು.

ಆಮೇಲೆ ವಿಜಯಪುರದಲ್ಲಿ ಇಂಜಿನಿಯರಿಂಗ್. ಹಾಸ್ಟೆಲಿನ ಒಂದೇ ರೂಮಿನಲ್ಲಿ ನಾವು ನಾಲ್ಕು ಜನ. ಹೆಸರು ಹಿಡಿದು ಕರೆದದ್ದೇ ಕಡಿಮೆ. ನಾನು ಇಂಡಿ. ಉಳಿದವರು ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಸಿಂದಗಿಯ ಪೂರ್ತಿ ಹೆಸರು ನನಗೆ ಗೊತ್ತಾದದ್ದು ಅವನ ಲಗ್ನಪತ್ರಿಕೆ ಬಂದಾಗಲೇ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವ್ ಮಾಡಿದೆವು. ಬಾಗೇವಾಡಿ ಬೋಟಿನಲ್ಲೇ ವಾಂತಿ ಮಾಡಿಕೊಂಡು, "ನನಗ ಒಣ ನೆಲಾನ ಸಾಕು" ಅಂದ. ಮರುವರ್ಷ ನೌಕರಿ ಬಿಟ್ಟು ಊರಿಗೆ ಹೋಗಿ ಒಕ್ಕಲುತನಕ್ಕೆ ನಿಂತ. ಉಳಿದ ಮೂವರು ಒಬ್ಬರ ಹಿಂದೆ ಒಬ್ಬರು ಅಮೆರಿಕಕ್ಕೆ ಬಂದೆವು. ನಾನು ಮತ್ತು ಮುದ್ದೇಬಿಹಾಳ ಅಟ್ಲಾಂಟಾದಲ್ಲಿ, ಸಿಂದಗಿ ಟ್ಯಾಂಪಾದಲ್ಲಿ. ನಮ್ಮಿಬ್ಬರ ಊರಿನ ನಡುವೆ ಉತ್ತರ ಫ್ಲಾರಿಡಾ. ಅಲ್ಲಿ ನೆಲದ ಕೆಳಗೆ ಸುಣ್ಣದ ಕಲ್ಲು, ಅದರೊಳಗೆ ನೀರು ತುಂಬಿದ ಗುಹೆಗಳು. ವರ್ಷವಿಡೀ 22 ಡಿಗ್ರಿಯ, ಗಾಜಿನಂಥ ತಿಳಿನೀರು. ಹೈ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಹತ್ತಿರದ ಜಿನ್ನಿ ಸ್ಪ್ರಿಂಗ್ಸ್‌ಗೆ ಜಗತ್ತಿನ ಗುಹೆ ಡೈವರ್‌ಗಳೆಲ್ಲ ಬರುತ್ತಾರೆ.

ಗುಹೆ ಡೈವಿಂಗ್ ಏನು ಅಂತ ಅಪ್ಪನಿಗೆ ತಿಳಿಸಲು ನಾನು ನಮ್ಮ ಜಿಲ್ಲೆಯದ್ದೇ ಉದಾಹರಣೆ ಕೊಟ್ಟೆ. ವಿಜಯಪುರದ ಸುರಂಗ ಬಾವಿ ಗೊತ್ತಲ್ಲ? ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದ ವ್ಯವಸ್ಥೆ. 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಪಟ್ಟಿಯಲ್ಲೂ ಅದರ ಹೆಸರು ಬಂತು. ಆ ಸುರಂಗದ ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿ ತೋಡಿದ್ದಾರೆ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಮನುಷ್ಯ ಹತ್ತಿ ಬರಬಹುದು. "ಇಲ್ಲಿ ಆ ಬಾವಿ ಇಲ್ಲಪ್ಪ, ಅಷ್ಟ ಫರಕು" ಅಂದೆ.

ಅಷ್ಟೇ ಫರಕು. ಆದರೆ ಜೀವ ಇರುವುದೇ ಆ ಫರಕಿನಲ್ಲಿ. ಸಮುದ್ರದಲ್ಲಿ ಏನಾದರೂ ಎಡವಟ್ಟಾದರೆ ಮೇಲೆ ಬರಬಹುದು. ಗುಹೆಯಲ್ಲಿ ಮೇಲೆ ಕಲ್ಲಿನ ಚಾವಣಿ. ಬಂದ ದಾರಿಯಲ್ಲೇ, ಹಾಸಿದ ಹಗ್ಗ ಹಿಡಿದೇ ವಾಪಸ್ ಬರಬೇಕು. ಅದಕ್ಕೇ ಅಲ್ಲಿ ಮೂರನೇ ಒಂದರ ನಿಯಮ: ಗಾಳಿಯ ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಬರಲಿಕ್ಕೆ, ಒಂದು ಪಾಲು ಜೊತೆಗಾರನ ಆಪತ್ತಿಗೆ. ಶೆಕ್ ಎಕ್ಸ್‌ಲಿ ಎಂಬ ಅಮೆರಿಕದ ಡೈವರ್ 1979ರಲ್ಲೇ ಸಾವುಗಳ ಪಾಠ ಕಲೆಹಾಕಿ ಒಂದು ಸಣ್ಣ ಪುಸ್ತಕ ಬರೆದ. ದಾರಿಹಗ್ಗ ಬಿಡಬೇಡ, ಗಾಳಿಯ ಮೂರನೇ ಎರಡು ಪಾಲು ಹೊರಬರಲು ಇಡು ಎಂಬ ಪಾಠಗಳನ್ನು ಇಂದಿಗೂ ಮೊದಲ ತರಗತಿಯಲ್ಲೇ ಹೇಳಿಕೊಡುತ್ತಾರೆ.

ಅಪ್ಪ ಎಲ್ಲ ಕೇಳಿ, "ಥಾಯ್ಲೆಂಡಿನ ಹುಡುಗ್ರು ಸಿಕ್ಕಿದ್ವಲ್ಲ, ಅಂಥಾ ಗುಹೆ ಏನು?" ಅಂದರು. 2018ರ ಥಾಮ್ ಲುವಾಂಗ್ ಘಟನೆ ಅವರಿಗೆ ಚೆನ್ನಾಗಿ ನೆನಪಿದೆ. ಹನ್ನೆರಡು ಹುಡುಗರು ಮತ್ತು ಅವರ ಕೋಚ್ ಬದುಕಿ ಬಂದದ್ದಕ್ಕಿಂತ ಹೆಚ್ಚಾಗಿ, ನೀರು ತೆಗೆಯುವ ಕೆಲಸಕ್ಕೆ ಕಿರ್ಲೋಸ್ಕರ್ ಕಂಪನಿಯ ತಜ್ಞರು ಹೋಗಿದ್ದರು ಅನ್ನುವುದು. ನಮ್ಮ ಬಾವಿಯ ಮೇಲಿನ ಪಂಪ್ ಕಿರ್ಲೋಸ್ಕರ್. ಕಂಪನಿ ಕಟ್ಟಿದ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹಂಗಾಗಿ ಆ ಪಾರುಗಾಣಿಕೆಯಲ್ಲಿ ನಮ್ಮ ಮನೆಯವರದ್ದೂ ಒಂದು ಪಾಲಿದೆ ಅನ್ನುವಂತೆ ಅಪ್ಪ ಮಾತಾಡುತ್ತಾರೆ. ಆದರೆ ಅದೇ ಗುಹೆಯಲ್ಲಿ ಸಿಲಿಂಡರ್ ಇಟ್ಟು ಬರಲು ಹೋದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನಾನ್ ವಾಪಸ್ ಬರುವಾಗ ಗಾಳಿ ಸಾಲದೆ ತೀರಿಕೊಂಡದ್ದು ಅವ್ವನಿಗೆ ನೆನಪಿದೆ. ಆಕೆ ಒಳಗಿನಿಂದಲೇ ಅದನ್ನು ಕೂಗಿ ಹೇಳಿದಳು.

ನಾನು ಸಾಫ್ಟ್‌ವೇರ್ ಮನುಷ್ಯ. ಏನು ಕೊಳ್ಳಬೇಕಾದರೂ ಮೊದಲು ಎಕ್ಸೆಲ್ ಶೀಟ್ ತೆರೆಯುತ್ತೇನೆ. ಇಟಲಿಯ ಸುಎಕ್ಸ್, ಪೋಲೆಂಡಿನ ಸೀಕ್ರಾಫ್ಟ್, ಜರ್ಮನಿಯ ಬೋನೆಕ್ಸ್, ಅಮೆರಿಕದ ಡೈವ್ ಎಕ್ಸ್‌ಟ್ರಾಸ್. ಹದಿನೇಳು ಕಾಲಮ್ಮು: ವೇಗ, ಬ್ಯಾಟರಿ, ತೂಕ, ಎಷ್ಟು ಆಳಕ್ಕೆ ತಡೆಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ. ಪ್ರತಿ ಕಾಲಮ್ಮಿಗೂ ಅಂಕ. ಕೊನೆಗೆ ಗೆದ್ದದ್ದು ಎಲ್ಲಕ್ಕಿಂತ ವೇಗದ್ದು, ಎಲ್ಲಕ್ಕಿಂತ ತುಟ್ಟಿಯದ್ದು. ಹಸಿರು ಬಣ್ಣ ತುಂಬಿ ಶೀಟನ್ನು ಇಬ್ಬರಿಗೂ ಕಳಿಸಿದೆ.

ಸಿಂದಗಿ ಹೆಬ್ಬೆರಳು ಎತ್ತಿದ. ಮುದ್ದೇಬಿಹಾಳ ಎರಡು ದಿನ ಉತ್ತರಿಸಲಿಲ್ಲ.

ಅವನ ಕಥೆ ಸ್ವಲ್ಪ ಹೇಳಬೇಕು. ಕೃಷ್ಣೆಯ ದಂಡೆಯ ಅವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಡ್ಯಾಮ್‌ಗೆ ಈಗ ಅವರದ್ದೇ ಹೆಸರು. 519.6 ಮೀಟರ್ ಮಟ್ಟಕ್ಕೆ ನೀರು ನಿಂತಾಗ ನಮಗೆಲ್ಲ ಅದು ಫೋಟೊ ತೆಗೆಸಿಕೊಳ್ಳುವ ಜಾಗ. ಅವನಿಗೆ, ಅಜ್ಜನ ಮನೆ ಕೆಳಗಿರುವ ಜಾಗ. ಪುನರ್ವಸತಿ ಕೇಂದ್ರದ ಮನೆಯಲ್ಲಿ ಬೆಳೆದವನು. ಈಗಲೂ ಸಂಬಳದ ದೊಡ್ಡ ಪಾಲು ಊರಿಗೆ ಹೋಗುತ್ತದೆ. ತಂಗಿಯ ಮದುವೆಯ ಸಾಲ, ಮನೆಯ ಸಾಲ ಎರಡೂ ಅವನ ತಲೆಮೇಲೆ.

ಮೂರನೇ ದಿನ ಊಟಕ್ಕೆ ಕೂತಾಗ ಹೇಳಿದ. "ನೋಡೋ ಇಂಡಿ, ಡ್ರಿಲ್ ಮಷಿನ್ನಿನ ಬ್ಯಾಟರಿ ಹಾಕೂದೊಂದು ಐತಿ. ಬ್ಲ್ಯಾಕ್‌ಟಿಪ್ ಅಂತ. ನನ್ನ ಕೈಗೆ ಅದ ಎಟುಕೂದು. ನೀವಿಬ್ರೂ ನಿಮಗ ಬೇಕಾದ್ದ ತಗೋರಿ."

"ತಗೋಳೋ, ಏನಾತು? ಎಲ್ಲಾರೂ ಒಂದೇ ತಗೋಬೇಕಂತ ಕಾನೂನೇನೈತಿ?" ಅಂದೆ ನಾನು. ಆವಾಗ ಅದು ನನಗೆ ದೊಡ್ಡ ಮನಸ್ಸಿನ ಮಾತು ಅನ್ನಿಸಿತ್ತು.

ಕೊಳ್ಳುವ ಮುಂಚೆ ಗುಹೆಯಲ್ಲಿ ಸ್ಕೂಟರ್ ಓಡಿಸುವ ಕೋರ್ಸ್ ಮಾಡಬೇಕಿತ್ತು. ಮೂವರಿಗೂ ಬಾಡಿಗೆಯ ಮೂರು ಬೇರೆ ಬೇರೆ ಸ್ಕೂಟರ್. ವೇಗದ್ದನ್ನು ನಾನೇ ಆರಿಸಿಕೊಂಡೆ. ಎರಡನೇ ದಿನ ನಾನು ಮುಂದೆ, ನಡುವೆ ಸಿಂದಗಿ, ಕೊನೆಗೆ ಮುದ್ದೇಬಿಹಾಳ, ಅವನ ಹಿಂದೆ ಗುರು.

ಆ ಅನುಭವವನ್ನು ಹೇಗೆ ಹೇಳಲಿ? ಕಾಲು ಆಡಿಸುವ ಕೆಲಸ ಇಲ್ಲ. ಕಲ್ಲಿನ ಗೋಡೆಗಳು ಎರಡೂ ಕಡೆಯಿಂದ ಹಿಂದಕ್ಕೆ ಸರಿಯುತ್ತವೆ. ಕೆಳಗೆ ಬಂಗಾರದ ಬಣ್ಣದ ದಾರಿಹಗ್ಗ ಓಡುತ್ತದೆ. ಒಂದು ತಿರುವು ಬಂತು, ತಿರುಗಿದೆ. ಇನ್ನೊಂದು ಬಂತು, ತಿರುಗಿದೆ. ಕನಸಿನಲ್ಲಿ ಹಾರುತ್ತೇವಲ್ಲ, ಹಾಗೆ.

ಆಮೇಲೆ ಏನೋ ಕಡಿಮೆ ಆದಂತೆ ಅನ್ನಿಸಿತು. ಗುಹೆಯಲ್ಲಿ ಹಿಂದಿನವರ ಟಾರ್ಚಿನ ಬೆಳಕು ನಮ್ಮ ಮುಂದಿನ ಗೋಡೆಯ ಮೇಲೆ ಸದಾ ಆಡುತ್ತಿರುತ್ತದೆ. ಅದು ಕಂಡರೆ ಎಲ್ಲ ಸರಿ ಅಂತ ಅರ್ಥ. ಆ ಬೆಳಕು ಇರಲಿಲ್ಲ. ಯಾವಾಗಿನಿಂದ ಇರಲಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ಟ್ರಿಗರ್ ಬಿಟ್ಟೆ. ನಿಂತೆ. ಹಿಂದೆ ಕತ್ತಲೆ. ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ಆ ಉಸಿರೂ ಎಷ್ಟು ಜೋರಾಯಿತೆಂದರೆ ಗಾಳಿಯ ಮೀಟರ್ ನೋಡಲು ಹೆದರಿಕೆ ಆಯಿತು. ಸ್ಕೂಟರ್ ತಿರುಗಿಸಿ ಹಗ್ಗದ ಗುಂಟ ವಾಪಸ್ ಹೋದೆ. ಮೂವರೂ ಅಲ್ಲೇ ಇದ್ದರು, ಹಗ್ಗದ ಪಕ್ಕದಲ್ಲಿ. ಮುದ್ದೇಬಿಹಾಳನ ಸ್ಕೂಟರ್ ನಿಂತಿತ್ತು. ಅದು ಕೆಟ್ಟಿರಲಿಲ್ಲ. 'ಇಂಥ ಕಡೆ ಸ್ಕೂಟರ್ ಕೆಟ್ಟಂತೆ ನಿಲ್ಲು' ಅಂತ ಗುರು ಬೆಳಗ್ಗೆಯೇ ಅವನ ಕಿವಿಯಲ್ಲಿ ಹೇಳಿ ಇಟ್ಟಿದ್ದರು. ಅವನು ಅವಸರದ ಸಂಕೇತ ಕೊಟ್ಟು ಟಾರ್ಚು ಬೀಸಿದ್ದ. ಸಿಂದಗಿ ನಿಂತ, ಅವನೂ ಬೀಸಿದ. ಅಷ್ಟರಲ್ಲಿ ನಾನು ತಿರುವು ದಾಟಿದ್ದೆ.

ಗುರು ನೀರೊಳಗೆ ಬರೆಯುವ ಪುಸ್ತಕ ತೆಗೆದು ಎರಡು ಅಂಕಿ ಬರೆದು ತೋರಿಸಿದರು. 2 ನಿಮಿಷ. 120 ಮೀಟರ್.

ಮೇಲೆ ಬಂದು ಲೆಕ್ಕ ಹಾಕಿದರೆ, ನಾನು ಎರಡು ನಿಮಿಷದಲ್ಲಿ ಓಡಿಸಿದ ದೂರವನ್ನು ಅವನು ಈಸಿಕೊಂಡು ಬರಲು ಎಂಟು ನಿಮಿಷ ಬೇಕು. ಎಂಟು ನಿಮಿಷ ಗಾಳಿ ಇಲ್ಲದವನು ಉಳಿಯುವುದು ಬಹಳ ಕಷ್ಟ.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ರೂಮಿನಲ್ಲಿ ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಮುದ್ದೇಬಿಹಾಳ ರೊಟ್ಟಿ ಮುರಿಯುತ್ತಾ ನನ್ನ ಮುಖ ನೋಡದೆ ಹೇಳಿದ: "ನಮ್ಮ ಊರು ನೀರಾಗ ಉಳೀತು. ನನ್ನೂ ಅಲ್ಲೇ ಬಿಟ್ಟು ಬರೂ ವಿಚಾರ ಇತ್ತೇನೋ?"

ಸಿಂದಗಿ ನಕ್ಕ. ಅವನೂ ನಕ್ಕ. ನನಗೆ ನಗು ಬರಲಿಲ್ಲ. ರೊಟ್ಟಿ ಗಂಟಲಲ್ಲಿ ನಿಂತಿತು.

ಆ ರಾತ್ರಿ ಬಾಗೇವಾಡಿಗೆ ಫೋನ್ ಹಚ್ಚಿದೆ. ಅಲ್ಲಿ ಬೆಳಗು. ಅವನು ಹೊಲದಲ್ಲಿದ್ದ, ಹಿಂದೆ ಎತ್ತಿನ ಗಂಟೆಯ ಸದ್ದು. ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ನನ್ನ ಸಮಜಾಯಿಷಿಯನ್ನೂ ಹೇಳಿದೆ. ವೇಗದ ಸ್ಕೂಟರ್ ಆದರೇನು, ನಾನು ನಿಧಾನ ಓಡಿಸಿದರಾಯಿತು, ಹಿಂದೆ ತಿರುಗಿ ನೋಡಿದರಾಯಿತು ಅಂತ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಲ್ಲಲೇ ಇಂಡಿ, ಎತ್ತು ಕೊಳ್ಳಾಕ ಸಂತಿಗೆ ಹೋದ್ರ ಒಂಟಿ ಎತ್ತಿನ ಓಟ ನೋಡ್ತಾರೇನು? ಮನ್ಯಾಗ ಇದ್ದ ಎತ್ತಿಗೆ ಜೋಡಿ ಆಕ್ಕತೋ ಇಲ್ಲೋ ನೋಡ್ತಾರ. ಎತ್ತರ, ನಡಿಗಿ, ವಯಸ್ಸು. ಒಂದು ಓಡೂದು, ಒಂದು ನಡಿಯೂದು ಆದ್ರ ನೊಗ ಯಾರ ಕುತ್ತಿಗಿ ಮ್ಯಾಲ ಬೀಳ್ತೈತಿ ಹೇಳು? ನಿಧಾನ ನಡಿಯೂದರ ಮ್ಯಾಲ. ನೀ ಓಡೂ ಎತ್ತು ತಂದು, ನಾ ನಿಧಾನ ಹೊಡೀತೀನಿ ಅಂತಿ. ಹೆದರಿದಾಗ ಅದು ನಿನ್ನ ಮಾತು ಕೇಳೂದಿಲ್ಲ."

ಹೆದರಿದಾಗ. ನನ್ನ ಹದಿನೇಳು ಕಾಲಮ್ಮಿನಲ್ಲಿ ಅದೊಂದು ಕಾಲಮ್ಮು ಇರಲಿಲ್ಲ.

ಮರುದಿನ ಆ ಶೀಟ್ ಮುಚ್ಚಿ ಹೊಸದೊಂದು ತೆರೆದೆ. 'ಯಾವ ಸ್ಕೂಟರ್ ಒಳ್ಳೆಯದು?' ಅನ್ನುವ ಬದಲು ಈ ಸಲ ಒಂದೇ ಪ್ರಶ್ನೆ: 'ಗುಹೆಯ ಕೊನೆಯಲ್ಲಿ ಒಂದು ಕೆಟ್ಟರೆ ಮೂವರೂ ಹೊರಗೆ ಬರುತ್ತೇವೋ?'

ಲೆಕ್ಕ ಕಷ್ಟದ್ದಲ್ಲ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವನಿಗೆ 30 ಮೀಟರ್ ಆಳದಲ್ಲಿ 80 ಲೀಟರ್ ಬೇಕು. ಅಲ್ಲಿ ಒತ್ತಡ ನಾಲ್ಕು ಪಟ್ಟು. ಬೆನ್ನ ಮೇಲೆ 12 ಲೀಟರಿನ ಎರಡು ಸಿಲಿಂಡರ್, 200 ಬಾರ್ ಒತ್ತಡ. ಒಟ್ಟು 4800 ಲೀಟರ್. ಮೂರನೇ ಒಂದು ಪಾಲು ಅಂದರೆ 1600.

ನಿಮಿಷಕ್ಕೆ 45 ಮೀಟರಿನಂತೆ ಸ್ಕೂಟರಿನಲ್ಲಿ 600 ಮೀಟರ್ ಒಳಗೆ ಹೋಗಲು 13 ನಿಮಿಷ ಚಿಲ್ಲರೆ. ಖರ್ಚಾಗುವ ಗಾಳಿ ಸುಮಾರು 1070 ಲೀಟರ್. ಮೂರನೇ ಒಂದಕ್ಕಿಂತ ಎಷ್ಟೋ ಕಡಿಮೆ, ಖುಷಿಯೋ ಖುಷಿ. ಉಳಿದದ್ದು 3730. ಆದರೆ ಅಲ್ಲಿ ಸ್ಕೂಟರ್ ಕೆಟ್ಟು ಈಸಿಕೊಂಡು ಬರಬೇಕಾದರೆ 40 ನಿಮಿಷ, 3200 ಲೀಟರ್. ಒಬ್ಬನಿಗೆ ಹೇಗೋ ಸಾಕು. ಜೊತೆಗಾರನ ಗಾಳಿಯೂ ಹೋಗಿ ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡಬೇಕಾದರೆ 6400 ಬೇಕು. ಅಲ್ಲಿಗೆ ಮುಗಿಯಿತು. ಸ್ಕೂಟರಿನ ಮೋಸ ಇದೇ: ನಲವತ್ತು ನಿಮಿಷ ನಡೆದು ಬರಬೇಕಾದ ಕಡೆಗೆ ಹದಿಮೂರು ನಿಮಿಷದಲ್ಲಿ ಒಯ್ದು ನಿಲ್ಲಿಸುತ್ತದೆ.

ಈಗ ಒಂದು ಸ್ಕೂಟರ್ ಇಬ್ಬರನ್ನು ಎಳೆಯಿತು ಅಂತಿಟ್ಟುಕೊಳ್ಳಿ. ವೇಗ ನಿಮಿಷಕ್ಕೆ 30 ಮೀಟರಿಗೆ ಇಳಿದರೂ 20 ನಿಮಿಷದಲ್ಲಿ ಹೊರಗೆ. ಇಬ್ಬರಿಗೂ ಸೇರಿ 3200 ಲೀಟರ್. ಒಬ್ಬನ ಬೆನ್ನ ಮೇಲಿನ ಗಾಳಿಯಲ್ಲೇ ಇಬ್ಬರು ಬದುಕಬಹುದು. ಹಾಗಾದರೆ ನೋಡಬೇಕಾದ ಅಂಕಿ ಅತಿ ಹೆಚ್ಚು ವೇಗದ್ದಲ್ಲ. ಇನ್ನೊಬ್ಬನನ್ನು ಎಳೆಯುವಾಗ ಎಷ್ಟು ವೇಗ, ಎಳೆದು ತರಲು ಬೇಕಾದಷ್ಟು ಬ್ಯಾಟರಿ ಉಳಿದಿರುತ್ತದೋ ಇಲ್ಲವೋ ಅನ್ನುವುದು. ಬ್ಯಾಟರಿಗೂ ಮೂರನೇ ಒಂದರ ನಿಯಮವೇ.

ವೇಗಕ್ಕೆ ತೆರುವ ಬೆಲೆಯನ್ನೂ ನೋಡಿದೆ. ನೀರಿನಲ್ಲಿ ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ವೇಗದ ಮೂರು ಪಟ್ಟಿನಂತಲ್ಲ, ಅದರ ಘನದಂತೆ ಏರುತ್ತದೆ. ಕಾಲು ಭಾಗ ವೇಗ ಹೆಚ್ಚಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿ ಬೇಕು. ಅದೇ ಬ್ಯಾಟರಿಯಲ್ಲಿ ನೂರು ಮೀಟರ್ ಹೋಗುತ್ತಿದ್ದದ್ದು ಅರವತ್ತನಾಲ್ಕಕ್ಕೇ ನಿಲ್ಲುತ್ತದೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದಿ ಪಾಸಾದ ಪಾಠ ಇದು.

ದೊಡ್ಡವರು ಏನು ಮಾಡುತ್ತಾರೆ ಅಂತಲೂ ಓದಿದೆ. 2007ರ ಡಿಸೆಂಬರಿನಲ್ಲಿ ಜ್ಯಾರಡ್ ಜಬ್ಲಾನ್ಸ್ಕಿ ಮತ್ತು ಕೇಸಿ ಮೆಕಿನ್ಲೆ ಫ್ಲಾರಿಡಾದ ಟರ್ನರ್ ಸಿಂಕ್‌ನಲ್ಲಿ ಇಳಿದು ವಕುಲ್ಲಾ ಸ್ಪ್ರಿಂಗ್ಸ್‌ನಲ್ಲಿ ಎದ್ದರು. ಸುಮಾರು 11 ಕಿಲೋಮೀಟರ್, ಅದೂ 90 ಮೀಟರ್ ಆಸುಪಾಸಿನ ಆಳದಲ್ಲಿ. ಅಂಥವರೂ ಒಂದು ಸ್ಕೂಟರ್ ನಂಬಿ ಹೋಗಲಿಲ್ಲ. ಹೆಚ್ಚುವರಿ ಸ್ಕೂಟರ್‌ಗಳನ್ನು ಹಿಂದೆ ಕಟ್ಟಿಕೊಂಡು ಹೋದರು. ಹೊರಗೆ ಒಂದು ದೊಡ್ಡ ತಂಡವೇ ಕಾಯುತ್ತಿತ್ತು.

ಅವೇ ದಿನಗಳಲ್ಲಿ ನಮ್ಮ ತಾಲೂಕಿನ ಲಚ್ಯಾಣದ ಘಟನೆಯೂ ನೆನಪಾಗುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಪುಟ್ಟ ಮಗು ಕೊಳವೆಬಾವಿಗೆ ಬಿದ್ದಾಗ ಇಡೀ ಇಂಡಿ ನಿದ್ದೆ ಮಾಡಿರಲಿಲ್ಲ. ನಾನು ಇಲ್ಲಿ ಆಫೀಸಿನಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಪಕ್ಕದಲ್ಲೇ ಗುಂಡಿ ತೋಡಿ, ಅಲ್ಲಿಂದ ಅಡ್ಡ ಸುರಂಗ ಕೊರೆದು ಸುಮಾರು 20 ಗಂಟೆಗಳ ನಂತರ ಮಗುವನ್ನು ಜೀವಂತ ತೆಗೆದರು. ದೊಡ್ಡ ಯಂತ್ರಗಳು ಬಂದಿದ್ದವು, ಬೇಗ ಬೇಗ ಅಗೆದವು. ಆದರೆ ಮಗುವಿನ ಹತ್ತಿರಕ್ಕೆ ಬಂದಂತೆ ಕೆಲಸ ನಿಧಾನವಾಗಲೇಬೇಕಿತ್ತು. ಇಕ್ಕಟ್ಟಿನಲ್ಲಿ ಯಂತ್ರದ ಜೋರು ಕೆಲಸಕ್ಕೆ ಬರುವುದಿಲ್ಲ, ಇನ್ನೊಂದು ಜೀವಕ್ಕೆ ತಕ್ಕಂತೆ ಅದು ನಡೆಯಬೇಕು.

ಕೊನೆಗೆ ಮೂವರೂ ಬ್ಲ್ಯಾಕ್‌ಟಿಪ್ ತೆಗೆದುಕೊಂಡೆವು. ಮುದ್ದೇಬಿಹಾಳ, "ನನ್ನ ಸಲುವಾಗಿ ಯಾಕ್ರೋ" ಅಂದ. "ನಿನ್ನ ಸಲುವಾಗಿ ಅಲ್ಲ, ನಾ ಕೆಟ್ಟು ನಿಂತಾಗ ನೀ ಎಳೀಬೇಕಲ್ಲ, ಅದಕ" ಅಂದೆ. ಇದು ಸುಳ್ಳಲ್ಲ.

ಒಂದೇ ಮಾದರಿಯ ಲಾಭ ಕೊಂಡ ಮೇಲೆ ಇನ್ನಷ್ಟು ಗೊತ್ತಾಯಿತು. ಒಬ್ಬನ ಬ್ಯಾಟರಿ ಇನ್ನೊಬ್ಬನದಕ್ಕೆ ಹೊಂದುತ್ತದೆ. ಫ್ಯಾನು, ರಬ್ಬರ್ ಉಂಗುರ, ಕ್ಲಿಪ್ಪು ಒಂದೊಂದು ಹೆಚ್ಚುವರಿ ಇಟ್ಟುಕೊಂಡರೆ ಮೂವರಿಗೂ ಆಯಿತು. ಟ್ರಿಗರ್ ಸಿಕ್ಕಿಕೊಂಡು ಸ್ಕೂಟರ್ ತಾನೇ ಓಡತೊಡಗಿದರೆ ಕತ್ತಲಲ್ಲಿ ಇನ್ನೊಬ್ಬನ ಯಂತ್ರವನ್ನೂ ನನ್ನ ಕೈ ಹುಡುಕದೆ ನಿಲ್ಲಿಸುತ್ತದೆ. ನಮ್ಮ ಆಫೀಸಿನಲ್ಲಿ ಎಲ್ಲ ಸರ್ವರ್‌ಗಳಲ್ಲೂ ಒಂದೇ ವರ್ಷನ್ ಇರಬೇಕು ಅಂತ ಹಟ ಹಿಡಿಯುವವನು ನಾನು. ನೀರಿಗೆ ಇಳಿದಾಗ ಅದನ್ನೇ ಮರೆತಿದ್ದೆ.

ಇದರಲ್ಲಿ ಒಂದು ಅಪಾಯವೂ ಇದೆ. ಒಂದೇ ಮಾದರಿ ಅಂದರೆ ದೋಷ ಇದ್ದರೆ ಮೂರರಲ್ಲೂ ಒಂದೇ ದೋಷ. ಅದಕ್ಕೇ ಬ್ಯಾಟರಿಗಳನ್ನು ಬೇರೆ ಬೇರೆ ಸಮಯಕ್ಕೆ, ಬೇರೆ ಬೇರೆ ಅಂಗಡಿಯಲ್ಲಿ ಕೊಂಡೆವು. ಪೆಟ್ಟಿಗೆಯ ಮೇಲೆ ಬರೆದ ಗಂಟೆ ನಂಬದೆ, ಆಳವಿಲ್ಲದ ತೆರೆದ ನೀರಿನಲ್ಲಿ ಪೂರ್ತಿ ಖಾಲಿ ಆಗುವವರೆಗೆ ಓಡಿಸಿ, ನಮ್ಮದೇ ಅಂಕಿ ಬರೆದುಕೊಂಡೆವು. ಅಲ್ಲೇ ಒಬ್ಬರನ್ನೊಬ್ಬರು ಎಳೆದು ನೋಡಿದೆವು. ಸಿಂದಗಿ ಮದುವೆಯಾದ ಮೇಲೆ ತೂಕ ಏರಿಸಿಕೊಂಡಿದ್ದಾನೆ, ಆದರೆ ನೀರಿನಲ್ಲಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ನೀರಿಗೆ ಎದುರಾಗುವ ಮೈ. ನೆಟ್ಟಗೆ ಮಲಗಿದರೆ ಅವನೂ ಹಗುರ, ಕಾಲು ಜೋತು ಬಿಟ್ಟರೆ ನಾನೂ ಭಾರ.

ಊರಿಗೆ ಹೋಗುವಾಗ ನೇತ್ರಾಣಿಗೂ ಒಯ್ಯುವ ಆಸೆ ಇತ್ತು. ವಿಮಾನದವರ ನಿಯಮ ಅಡ್ಡ ಬಂತು. 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿ ಮಾತ್ರ ಸಲೀಸು, 160ರವರೆಗೆ ಅನುಮತಿ ಬೇಕು, ಅದರ ಮೇಲಿನದ್ದು ಪ್ರಯಾಣಿಕರು ಒಯ್ಯುವಂತಿಲ್ಲ. ನಮ್ಮ ದೊಡ್ಡ ಬ್ಯಾಟರಿಗಳು ಅದನ್ನು ದಾಟುತ್ತವೆ. ಹಾಗಾಗಿ ಸ್ಕೂಟರ್ ಇಲ್ಲೇ, ನಾನು ಮಾತ್ರ ಊರಿಗೆ.

ಈಗ ನಮ್ಮ ತಂಡಕ್ಕೆ ಮೂರೇ ಕಟ್ಟಳೆ. ನಿಧಾನದವನು ಮುಂದೆ. ಹಿಂದಿನ ಬೆಳಕು ಕಾಣದಿದ್ದರೆ ಆ ಕ್ಷಣವೇ ಟ್ರಿಗರ್ ಬಿಡಬೇಕು. ಯಾರಿಗೆ ಬೇಡ ಅನ್ನಿಸಿದರೂ, ಕಾರಣ ಕೇಳದೆ, ಮೂವರೂ ವಾಪಸ್.

ಇದನ್ನು ಓದಿ ನಮ್ಮ ಕಡೆಯ ಹುಡುಗರು ಬಾವಿಗೋ ಕಾಲುವೆಗೋ ಧುಮುಕಬಾರದು ಅಂತ ಒಂದು ಮಾತು. ತರಬೇತಿ ಇಲ್ಲದೆ ಗುಹೆಯ ಬಾಯಿ ದಾಟಿದ ಎಷ್ಟೋ ಒಳ್ಳೆಯ ಈಸುಗಾರರು, ಡೈವಿಂಗ್ ಕಲಿಸುವ ಗುರುಗಳೂ ವಾಪಸ್ ಬಂದಿಲ್ಲ. ನಾವು ಇಲ್ಲಿಗೆ ಬರಲು ವರ್ಷಗಳು ಹಿಡಿದವು. ಆದರೂ ಆವತ್ತು ಆ ಎರಡು ನಿಮಿಷ ಆಗಿಯೇ ಹೋಯಿತು.

ಹೋದ ತಿಂಗಳು ಹೊಸ ಸ್ಕೂಟರಿನಲ್ಲಿ ಮೊದಲ ಸಲ ಗುಹೆಗೆ ಇಳಿದೆವು. ಮುದ್ದೇಬಿಹಾಳ ಮುಂದೆ, ನಾನು ಕೊನೆಗೆ. ಬಹಳ ದೂರ ಹೋಗಲಿಲ್ಲ. ಸಿಂದಗಿ ಹೆಬ್ಬೆರಳು ತೋರಿಸಿದ. ಗುಹೆಯಲ್ಲಿ ಅದರ ಅರ್ಥ 'ಸಾಕು, ಹೊರಡೋಣ'. ತಿರುಗಿದೆವು. ಕಾರಣ ಮೇಲೆ ಬಂದ ಮೇಲೂ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನೀರಿನಿಂದ ಎದ್ದು ಮೆಟ್ಟಿಲ ಮೇಲೆ ಕೂತಾಗ ಅವ್ವನ ಫೋನು. ಆಕೆ ಈಗ ಬೈಯುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾಳೆ: "ಎಲ್ಲಾರೂ ಮ್ಯಾಲ ಬಂದ್ರೇನೋ?"

ಮೆಟ್ಟಿಲ ಮೇಲೆ ಮೂರು ಜೋಡಿ ಚಪ್ಪಲಿ ಇದ್ದವು. ತಿರುಗಿ ನೋಡಿದೆ. ಒಬ್ಬ ಸಿಲಿಂಡರ್ ಇಳಿಸುತ್ತಿದ್ದ, ಇನ್ನೊಬ್ಬ ಮೂಗು ಒರೆಸಿಕೊಳ್ಳುತ್ತಿದ್ದ.

"ಹೂಂ ಅವ್ವ, ಮೂರೂ ಮಂದಿ ಬಂದೀವಿ" ಅಂದೆ.